ಎರಡು ಔಷಧಿ, ಒಂದೇ ಹೊಟ್ಟೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.’ ಈ ಗಾದೆ ನಮಗೆಲ್ಲ ಗೊತ್ತು. ಹಾಗಾದರೆ ಚಿಂತೆ ಇದ್ದವರ ಪಾಡು ಏನು? ಅವರಿಗೆ ಮೆತ್ತನೆಯ ಹಾಸಿಗೆ ಹಾಸಿದರೂ ನಿದ್ದೆ ಬರುವುದಿಲ್ಲ. ಕೋಳಿ ಕೂಗುವ ತನಕ ಹೊರಳಾಡುತ್ತಾರೆ.

ನಿದ್ದೆ ಬರದಿದ್ದರೆ ನಾವು ಹೆಂಗಸರು ಏನು ಮಾಡುತ್ತೇವೆ? ಅವರಿವರು ಹೇಳಿದ ಬೇರು, ಪುಡಿ, ಕಷಾಯ ಕುಡಿಯುತ್ತೇವೆ. ಇನ್ನೊಂದು ಕಡೆ ಡಾಕ್ಟರು ಕೊಟ್ಟ ಗುಳಿಗೆಯನ್ನೂ ನುಂಗುತ್ತೇವೆ. ಇವೆರಡೂ ಒಂದೇ ಹೊಟ್ಟೆಗೆ ಹೋಗುತ್ತವೆ. ಅಲ್ಲಿ ಏನಾಗುತ್ತದೆ? ಈ ಪಾಠದಲ್ಲಿ ತಿಳಿಯೋಣ. ಮೊದಲು ಒಂದು ಕಥೆ ಓದೋಣ.

ನೀಲವ್ವನ ಕಥೆ

ಇದು ನಾವು ಕಟ್ಟಿದ ಕಥೆ. ಕಥೆಯ ಹೆಂಗಸಿಗೆ ನೀಲವ್ವ ಎಂದು ಹೆಸರಿಟ್ಟಿದ್ದೇವೆ. ಆದರೆ ಇಂಥ ನೀಲವ್ವ ಪ್ರತಿ ಊರಲ್ಲೂ ಇದ್ದಾಳೆ.

ನೀಲವ್ವನ ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. ನೀಲವ್ವನಿಗೆ ಯಾವುದರಲ್ಲೂ ಮನಸ್ಸಿಲ್ಲ. ಊಟ ರುಚಿಸದು. ನಿದ್ದೆ ಹತ್ತದು. ಮಕ್ಕಳು ಮಾತಾಡಿಸಿದರೆ ಅಳು ಬರುತ್ತಿತ್ತು. ‘ನಾನು ಇದ್ದು ಏನು ಮಾಡಬೇಕು?’ ಅನ್ನಿಸುತ್ತಿತ್ತು. ಆಶಾ ಅಕ್ಕ ಇದನ್ನು ಗಮನಿಸಿದಳು. ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಎಲ್ಲ ಕೇಳಿದರು. ‘ಇದಕ್ಕೆ ಖಿನ್ನತೆ ಅಂತಾರೆ. ಇದೂ ಒಂದು ಕಾಯಿಲೆ. ವಾಸಿ ಆಗುತ್ತೆ’ ಎಂದರು. ಗುಳಿಗೆ ಬರೆದುಕೊಟ್ಟರು.

ಮನೆಗೆ ಬಂದ ಮೇಲೆ ಗಂಡ ಹೇಳಿದ: ‘ನಿದ್ದಿ ಬರಲಿ ಅಂತ ಕೊಟ್ಟಾರ. ರಾತ್ರಿ ಮಲಗೂ ಮುಂದ ನುಂಗು.’ ನೀಲವ್ವ ಹಾಗೇ ಮಾಡಿದಳು. ಒಂದು ವಾರ ಆಯಿತು. ನಿದ್ದೆ ಬರಲಿಲ್ಲ. ಇದ್ದ ನಿದ್ದೆಯೂ ಹೋಯಿತು!

ಪಕ್ಕದ ಮನೆಯಾಕೆ ಬಂದಳು.

‘ಸಂತ್ಯಾಗ ಒಂದು ಪುಡಿ ಸಿಗತೈತಿ. ಗಿಡಮೂಲಿಕಿ ಪುಡಿ. ಹಾಲಾಗ ಕಲಿಸಿ ಕುಡಿ. ಗಡದ್ದಾಗಿ ನಿದ್ದಿ ಬರತೈತಿ’ ಅಂದಳು.

‘ನಾನು ಗುಳಿಗಿ ನುಂಗಾಕತ್ತೀನಿ. ಎರಡೂ ಕೂಡಿಸಿ ತಗೊಂಡ್ರ ಏನೂ ಆಗಂಗಿಲ್ಲೇನು?’ ಎಂದು ನೀಲವ್ವ ಕೇಳಿದಳು.

‘ಏ, ಅದು ಗಿಡದ ಬೇರು. ಏನಾಗತೈತಿ?’

ಪುಡಿ ಕುಡಿದ ರಾತ್ರಿ ನೀಲವ್ವನಿಗೆ ನಿದ್ದೆ ಬಂತು. ಆದರೆ ಬೆಳಿಗ್ಗೆ ಕಣ್ಣು ಬಿಡಲು ಆಗಲಿಲ್ಲ. ತಲೆ ಭಾರ, ನಾಲಿಗೆ ಒಣ. ರೊಟ್ಟಿ ತಟ್ಟುವಾಗಲೇ ತೂಕಡಿಕೆ. ನಾಲ್ಕನೆಯ ರಾತ್ರಿ ಮೂತ್ರಕ್ಕೆಂದು ಎದ್ದಳು. ತಲೆ ಸುತ್ತಿತು. ಹೊಸ್ತಿಲ ಮೇಲೆ ಬಿದ್ದಳು. ಹಣೆಗೆ ಮೂರು ಹೊಲಿಗೆ ಹಾಕಬೇಕಾಯಿತು.

ಮನೆಯವರೆಲ್ಲ ಬೈದದ್ದು ಯಾವುದನ್ನು? ಪುಡಿಯನ್ನು ಅಲ್ಲ, ಗುಳಿಗೆಯನ್ನು. ‘ಆ ತಲಿ ಕೆಟ್ಟವರ ಗುಳಿಗಿ ಬ್ಯಾಡೇ ಬ್ಯಾಡ’ ಎಂದು ಗಂಡ ಅದನ್ನು ಬಿಡಿಸಿದ. ನೀಲವ್ವ ಪುಡಿಯನ್ನು ಮಾತ್ರ ಕುಡಿದಳು. ಮೂರು ವಾರ ಕಳೆಯಿತು. ರಾತ್ರಿ ಒಂದಿಷ್ಟು ನಿದ್ದೆ ಇತ್ತು. ಆದರೆ ಹಗಲು ಮತ್ತೆ ಕತ್ತಲಾಯಿತು. ನೀರು ತರಲು ಹೋದಾಗ ಬಾವಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಒಂದು ಸಂಜೆ ಆಶಾ ಅಕ್ಕ ಮನೆಗೆ ಬಂದಳು. ನೀಲವ್ವ ಆಗ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದಳು. ಅಕ್ಷರ, ಅಂಕಿ ಕಲಿತಿದ್ದಳು. ಆಶಾ ಅಕ್ಕ ಆಸ್ಪತ್ರೆಯ ಚೀಟಿಯನ್ನು ಅವಳ ಕೈಗೆ ಕೊಟ್ಟಳು.

‘ಗುಳಿಗಿ ಹೆಸರಿನ ಮುಂದ ಏನು ಬರದಾರ, ನೀನ ಓದು ನೋಡೋಣ.’

ನೀಲವ್ವ ಬೆರಳಿಟ್ಟು ಓದಿದಳು. ‘ಒಂದು... ಸೊನ್ನಿ... ಸೊನ್ನಿ.’

‘ಹಂಗಂದ್ರ ಮುಂಜಾನಿ ಒಂದು. ಮಧ್ಯಾಹ್ನ ಇಲ್ಲ. ರಾತ್ರಿ ಇಲ್ಲ.’

‘ಯವ್ವಾ! ನಾನು ದಿನಾ ರಾತ್ರಿ ನುಂಗೀನಲ್ಲ!’

ಮರುದಿನವೇ ಇಬ್ಬರೂ ಆಸ್ಪತ್ರೆಗೆ ಹೋದರು. ಪುಡಿಯ ಪೊಟ್ಟಣವನ್ನೂ ಒಯ್ದರು. ಬೈಯುತ್ತಾರೆ ಎಂದು ನೀಲವ್ವನಿಗೆ ಅಳುಕು. ಡಾಕ್ಟರು ಬೈಯಲಿಲ್ಲ. ಪೊಟ್ಟಣವನ್ನು ತಿರುಗಿಸಿ ನೋಡಿದರು. ಅದರ ಮೇಲೆ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ‘ಬೇರೆ ಏನಾದರೂ ಔಷಧಿ ತಗೋತೀಯಾ ಅಂತ ನಾನೂ ಕೇಳಬೇಕಾಗಿತ್ತು ತಾಯಿ. ನೀನೂ ಹೇಳಬೇಕಾಗಿತ್ತು. ಇನ್ನು ಮುಂದೆ ಇಬ್ಬರೂ ಮರೆಯೋದು ಬೇಡ’ ಎಂದರು.

ಈ ಗುಳಿಗೆ ಏನು ಮಾಡುತ್ತದೆ?

ಖಿನ್ನತೆ ಎಂದರೆ ಬರೀ ಬೇಸರ ಅಲ್ಲ. ಬೇಸರ ಒಂದೆರಡು ದಿನಕ್ಕೆ ಹೋಗುತ್ತದೆ. ಖಿನ್ನತೆ ವಾರಗಟ್ಟಲೆ ಬಿಡುವುದಿಲ್ಲ. ನಿದ್ದೆ, ಹಸಿವು, ಕೆಲಸದ ಹುರುಪು ಎಲ್ಲವನ್ನೂ ಕೆಡಿಸುತ್ತದೆ. ಇದು ಹುಚ್ಚಲ್ಲ. ದೆವ್ವದ ಕಾಟವೂ ಅಲ್ಲ. ಇದಕ್ಕೆ ಔಷಧಿ ಇದೆ.

ಫ್ಲು-ವೊ-ಕ್ಸೆ-ಟಿನ್, ಎ-ಸಿ-ಟಾ-ಲೊ-ಪ್ರಾಂ, ಅ-ಮಿ-ಟ್ರಿ-ಪ್ಟಿ-ಲಿನ್ ಇವು ಇಂಥ ಔಷಧಿಗಳ ಹೆಸರು. ಓದಲು ಕಷ್ಟ, ನಿಜ. ಅಕ್ಷರ ಕೂಡಿಸಿ ನಿಧಾನವಾಗಿ ಓದಿ. ಗುಳಿಗೆಯ ಪಟ್ಟಿಯ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಔಷಧಿ ಕೊಡುವವರನ್ನು ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ.

ಈ ಔಷಧಿಗಳಲ್ಲಿ ಎರಡು ಬಗೆ ಇವೆ. ಅಮಿಟ್ರಿಪ್ಟಿಲಿನ್ ತೂಕಡಿಕೆ ತರುತ್ತದೆ. ಅದನ್ನು ಸಾಮಾನ್ಯವಾಗಿ ರಾತ್ರಿಗೆ ಕೊಡುತ್ತಾರೆ. ಫ್ಲುವೊಕ್ಸೆಟಿನ್ ಕೆಲವರ ನಿದ್ದೆಯನ್ನು ಕೆಡಿಸುತ್ತದೆ. ಅದಕ್ಕೇ ಅದನ್ನು ಹೆಚ್ಚಾಗಿ ಬೆಳಿಗ್ಗೆಗೆ ಕೊಡುತ್ತಾರೆ. ನೀಲವ್ವನ ಗುಳಿಗೆ ಇದೇ ಆಗಿತ್ತು. ಹೊತ್ತು ತಪ್ಪಿದ್ದರಿಂದ ನಿದ್ದೆ ಕೆಟ್ಟಿತ್ತು. ಪುಡಿಯೇ ಬೇಕಾಗಿರಲಿಲ್ಲ!

ಇನ್ನೊಂದು ಮಾತು. ತಲೆನೋವಿನ ಗುಳಿಗೆ ಒಂದು ತಾಸಿನಲ್ಲಿ ಕೆಲಸ ಮಾಡುತ್ತದೆ. ಈ ಗುಳಿಗೆ ಹಾಗಲ್ಲ. ಗುಣ ಕಾಣಲು 2ರಿಂದ 4 ವಾರ ಬೇಕು. ಕೆಲವರಿಗೆ 6 ವಾರ ಬೇಕು. ಮೊದಲ ವಾರಗಳಲ್ಲಿ ವಾಕರಿಕೆ, ತಲೆನೋವು, ತಳಮಳ ಆಗಬಹುದು. ಬಹಳ ಜನರಿಗೆ ಇದು ತಾನಾಗಿ ಕಡಿಮೆ ಆಗುತ್ತದೆ. ಬಿತ್ತಿದ ಮರುದಿನ ಯಾರೂ ತೆನೆ ಕೊಯ್ಯುವುದಿಲ್ಲ. ಇದಕ್ಕೂ ಹಾಗೇ ಕಾಯಬೇಕು.

ಗುಣ ಆದ ಮೇಲೂ ಕೆಲವು ತಿಂಗಳು ಗುಳಿಗೆ ನುಂಗಬೇಕು. ಸಾಮಾನ್ಯವಾಗಿ 6 ತಿಂಗಳು ಅಥವಾ ಹೆಚ್ಚು. ‘ಈ ಗುಳಿಗೆ ಚಟ ಆಗುತ್ತೆ’ ಎಂದು ಕೆಲವರು ಹೆದರಿಸುತ್ತಾರೆ. ಹೆಂಡದ ಚಟದಂತೆ ಇದು ಚಟ ಆಗುವುದಿಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಗಾಬರಿ, ಕೆಟ್ಟ ಕನಸು ಬರಬಹುದು. ಕಾಯಿಲೆ ಮರಳಬಹುದು. ಬಿಡುವುದಾದರೆ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

ಎರಡೂ ಕೂಡಿದರೆ ಏನಾಗುತ್ತದೆ?

‘ಗಿಡಮೂಲಿಕೆ ಅಲ್ಲವೆ, ಏನಾಗುತ್ತೆ?’ ಇದು ನಾವೆಲ್ಲ ಆಡುವ ಮಾತು. ಆದರೆ ಯೋಚಿಸಿ. ದತ್ತೂರಿಯೂ ಗಿಡವೇ. ಕಣಗಿಲೆಯೂ ಗಿಡವೇ. ಗಿಡದಲ್ಲಿ ಗುಣ ಇದೆ ಎಂದರೆ ಶಕ್ತಿ ಇದೆ ಎಂದು ಅರ್ಥ. ಶಕ್ತಿ ಇದ್ದ ಮೇಲೆ ಅದು ಇನ್ನೊಂದು ಔಷಧಿಯ ಜೊತೆ ಜಗಳ ಆಡಬಹುದು. ಈ ಜಗಳ ಮೂರು ತರಹ ಆಗುತ್ತದೆ.

ಒಂದು: ನಿದ್ದೆಗೆ ನಿದ್ದೆ ಕೂಡುತ್ತದೆ. ಗುಳಿಗೆಯೂ ತೂಕಡಿಕೆ ತರುತ್ತದೆ, ಪುಡಿಯೂ ತರುತ್ತದೆ. ಎರಡೂ ಸೇರಿ ಮಂಪರು ಹೆಚ್ಚುತ್ತದೆ. ಎದ್ದು ನಿಂತರೆ ತಲೆ ಸುತ್ತುತ್ತದೆ. ಒಲೆ, ಬಾವಿ, ಕುಡುಗೋಲು, ಹಿಟ್ಟಿನ ಗಿರಣಿ ಇವುಗಳ ಹತ್ತಿರ ಮಂಪರು ಬಂದರೆ ಜೀವಕ್ಕೇ ಅಪಾಯ. ಹೆಂಡ ಸೇರಿದರಂತೂ ಇನ್ನೂ ಕೆಟ್ಟದ್ದು.

ಎರಡು: ಗುಳಿಗೆಯ ಬಲ ಹೆಚ್ಚು ಕಡಿಮೆ ಆಗುತ್ತದೆ. ನಾವು ನುಂಗಿದ ಔಷಧಿಯನ್ನು ಕರಗಿಸಿ ಹೊರಹಾಕುವ ಕೆಲಸ ಹೆಚ್ಚಾಗಿ ಲಿವರಿನದು. ಕೆಲವು ಮೂಲಿಕೆಗಳು ಈ ಕೆಲಸವನ್ನು ಜೋರು ಮಾಡುತ್ತವೆ. ಆಗ ಗುಳಿಗೆ ಬೇಗ ಹೊರಗೆ ಹೋಗುತ್ತದೆ, ಗುಣ ಸಿಗುವುದಿಲ್ಲ. ಕೆಲವು ಈ ಕೆಲಸವನ್ನು ನಿಧಾನ ಮಾಡುತ್ತವೆ. ಆಗ ಗುಳಿಗೆ ಮೈಯಲ್ಲೇ ಉಳಿದು ವಿಪರೀತ ಆಗುತ್ತದೆ.

ಮೂರು: ಒಂದೇ ಕೆಲಸಕ್ಕೆ ಇಬ್ಬರು ನಿಂತಂತಾಗುತ್ತದೆ. ನಮ್ಮ ಮಿದುಳಿನಲ್ಲಿ ಸಿರೊಟೋನಿನ್ ಎಂಬ ವಸ್ತು ಇದೆ. ಖಿನ್ನತೆಯ ಬಹಳಷ್ಟು ಗುಳಿಗೆಗಳು ಅದರ ಕೆಲಸವನ್ನು ಹೆಚ್ಚಿಸುತ್ತವೆ. ಇನ್ನೊಂದು ಔಷಧಿಯೂ ಅದನ್ನೇ ಮಾಡಿದರೆ ಅತಿಯಾಗುತ್ತದೆ. ಅತಿಯಾದರೆ ಅಮೃತವೂ ವಿಷ.

ನಮ್ಮ ಮನೆಯ ಮೂಲಿಕೆಗಳು

ಹಾಗಾದರೆ ಎಲ್ಲವನ್ನೂ ಬಿಡಬೇಕೆ? ಬೇಡ. ಅಡುಗೆ ಬೇರೆ, ಔಷಧಿ ಬೇರೆ. ಒಂದೊಂದಾಗಿ ನೋಡೋಣ.

ಬಿಸಿ ಹಾಲು: ಮಲಗುವ ಮುನ್ನ ಒಂದು ಲೋಟ ಕುಡಿಯಬಹುದು. ಗುಳಿಗೆಗೆ ತೊಂದರೆ ಇಲ್ಲ.

ಗಸಗಸೆ: ಹಬ್ಬದ ದಿನ ಒಂದು ಬಟ್ಟಲು ಗಸಗಸೆ ಪಾಯಸ ಕುಡಿದು ಮಲಗುವುದು ನಮ್ಮ ರೂಢಿ. ಅದು ಊಟ. ಆದರೆ ನಿದ್ದೆಗೆಂದು ದಿನವೂ ಹಿಡಿಗಟ್ಟಲೆ ಅರೆದು ಕುಡಿಯಬೇಡಿ.

ಜಾಯಿಕಾಯಿ: ಸಿಹಿ ತಿಂಡಿಗೆ ಹಾಕುವ ಚಿಟಿಕೆ ಸರಿ. ಚಮಚಗಟ್ಟಲೆ ಪುಡಿ ವಿಷ. ವಾಂತಿ, ಎದೆ ಡವಡವ, ಇಲ್ಲದ್ದು ಕಂಡಂತಾಗುವುದು ಎಲ್ಲ ಆಗುತ್ತದೆ. ಗುಳಿಗೆ ನುಂಗುವವರು ನಿದ್ದೆಗಾಗಿ ಇದನ್ನು ತೇಯ್ದು ಕುಡಿಯಬಾರದು. ಹಸುಗೂಸಿಗೂ ನೆಕ್ಕಿಸಬಾರದು.

ಒಂದೆಲಗ: ಚಟ್ನಿ, ತಂಬುಳಿ ಮಾಡಿ ಊಟದಲ್ಲಿ ತಿನ್ನಬಹುದು. ಅದರ ಗುಳಿಗೆ ಅಥವಾ ಪುಡಿಯಾದರೆ ಡಾಕ್ಟರಿಗೆ ಹೇಳಿ.

ಅಶ್ವಗಂಧ: ಇದಕ್ಕೆ ಹಿರೇಮದ್ದು ಎಂದೂ ಹೆಸರಿದೆ. ಇದು ತೂಕಡಿಕೆ ತರಬಹುದು. ಥೈರಾಯ್ಡ್ ಕಾಯಿಲೆ ಇದ್ದವರಿಗೆ ಏರುಪೇರು ಮಾಡಬಹುದು. ಅಪರೂಪಕ್ಕೆ ಕೆಲವರ ಲಿವರ್ ಕೆಟ್ಟಿದೆ. ಕಣ್ಣು ಹಳದಿಯಾದರೆ ಕೂಡಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಬಸುರಿಯರು ತೆಗೆದುಕೊಳ್ಳಬಾರದು.

ಜಟಾಮಾಂಸಿ, ತಗರ: ಇವು ನಿದ್ದೆಗೆಂದೇ ಕೊಡುವ ಬೇರುಗಳು. ರಾತ್ರಿಯ ಗುಳಿಗೆಯ ಜೊತೆ ಸೇರಿದರೆ ಮಂಪರು ಹೆಚ್ಚಬಹುದು. ಕೇಳದೆ ಕುಡಿಯಬೇಡಿ.

ಸರ್ಪಗಂಧ: ಇದರ ಬಗ್ಗೆ ಬಹಳ ಎಚ್ಚರ ಬೇಕು. ಇದರ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಅದನ್ನು ರಕ್ತದೊತ್ತಡ ಇಳಿಸಲು ಕೊಡುತ್ತಿದ್ದರು. ಖಿನ್ನತೆ ಇದ್ದವರಿಗೆ ಮಾತ್ರ ಅದನ್ನು ಕೊಡಬಾರದು ಎಂಬುದು ವೈದ್ಯರ ನಿಯಮ. ಮನಸ್ಸು ಇನ್ನಷ್ಟು ಕುಗ್ಗುವ ಭಯ ಇದೆ. ಆದ್ದರಿಂದ ಖಿನ್ನತೆ ಇದ್ದವರು ಸರ್ಪಗಂಧವನ್ನು ಮುಟ್ಟಬಾರದು.

ಭಂಗಿ: ಕೆಲವು ಲೇಹ್ಯ, ಗುಳಿಗೆಗಳಲ್ಲಿ ಭಂಗಿ ಇರುತ್ತದೆ. ಗುಳಿಗೆ ನುಂಗುವವರಿಗೆ ಇದು ಬೇಡ.

ಹೊರದೇಶದ ಮೂಲಿಕೆ: ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಗುಳಿಗೆಯನ್ನು ಹೊರದೇಶಗಳಲ್ಲಿ ಬೇಸರಕ್ಕೆಂದು ಮಾರುತ್ತಾರೆ. ಪರದೇಶದಲ್ಲಿರುವ ನೆಂಟರು ತಂದುಕೊಟ್ಟಾರು. ಖಿನ್ನತೆಯ ಗುಳಿಗೆಯ ಜೊತೆ ಇದನ್ನು ಎಂದೂ ನುಂಗಬಾರದು. ಮೇಲೆ ಹೇಳಿದ ಎರಡನೆಯ ಮತ್ತು ಮೂರನೆಯ ಜಗಳ ಎರಡನ್ನೂ ಇದು ಮಾಡುತ್ತದೆ.

ಹೆಸರಿಲ್ಲದ ಪುಡಿ: ಎಲ್ಲಕ್ಕಿಂತ ಅಪಾಯ ಇದೇ. ಇಂಥ ಪುಡಿಗಳಲ್ಲಿ ನಿದ್ದೆ ಗುಳಿಗೆಯನ್ನೇ ಅರೆದು ಬೆರೆಸಿದ್ದು ಪತ್ತೆಯಾಗಿದೆ. ಸೀಸದಂಥ ವಿಷವೂ ಸಿಕ್ಕಿದೆ. ಮಾರುವವನು ನಾಳೆ ಬೇರೆ ಊರಿನಲ್ಲಿರುತ್ತಾನೆ. ನಮಗೆ ಏನಾದರೂ ಆದರೆ ಯಾರನ್ನು ಕೇಳುವುದು?

ನಾವು ಏನು ಮಾಡಬೇಕು?

1. ಹೇಳಬೇಕು. ಡಾಕ್ಟರಿಗೆ ಮೂಲಿಕೆಯ ವಿಷಯ ಹೇಳಿ. ನಾಟಿ ವೈದ್ಯರಿಗೆ ಗುಳಿಗೆಯ ವಿಷಯ ಹೇಳಿ. ಅವರು ಕೇಳದಿದ್ದರೂ ಹೇಳಿ. ಕೆಮ್ಮಿನ ಔಷಧಿ, ಮೈಕೈ ನೋವಿನ ಗುಳಿಗೆಯನ್ನೂ ಹೇಳಿ. ಬೈದರೂ ಪರವಾಗಿಲ್ಲ. ಬೈಗುಳದಿಂದ ಹಣೆ ಒಡೆಯುವುದಿಲ್ಲ.

2. ಚೀಟಿ ಓದಬೇಕು. 1-0-0 ಎಂದರೆ ಬೆಳಿಗ್ಗೆ ಒಂದು. 0-0-1 ಎಂದರೆ ರಾತ್ರಿ ಒಂದು. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು.

3. ಗುಳಿಗೆಯಿಂದ ನಿದ್ದೆ ಕೆಟ್ಟರೆ ಪುಡಿ ಹುಡುಕಬೇಡಿ. ಡಾಕ್ಟರಿಗೆ ಹೇಳಿ. ಅವರು ಹೊತ್ತು ಬದಲಿಸಬಹುದು. ಗುಳಿಗೆಯನ್ನೇ ಬದಲಿಸಬಹುದು.

4. ಮೂಲಿಕೆ ಬೇಕೇ ಬೇಕು ಅನ್ನಿಸಿದರೆ ಓದಿದ ಆಯುರ್ವೇದ ವೈದ್ಯರ ಬಳಿ ಹೋಗಿ. ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಆಯುಷ್ ವೈದ್ಯರೂ ಇದ್ದಾರೆ. ಗುಳಿಗೆಯ ಚೀಟಿಯನ್ನು ಅವರಿಗೆ ತೋರಿಸಿ. ಗುಳಿಗೆ ಕೊಟ್ಟ ಡಾಕ್ಟರೂ ಒಪ್ಪಬೇಕು. ಒಮ್ಮೆಗೆ ಒಂದೇ ಹೊಸ ಔಷಧಿ ಶುರು ಮಾಡಿ. ಆಗ ಯಾವುದರಿಂದ ಏನಾಯಿತು ಎಂದು ತಿಳಿಯುತ್ತದೆ.

5. ಬಸುರಿ, ಬಾಣಂತಿಯರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ತಾಯಿ ತಿಂದದ್ದು ಕೂಸಿಗೂ ಮುಟ್ಟುತ್ತದೆ.

ಅಪಾಯದ ಗುರುತು

ಎಬ್ಬಿಸಿದರೂ ಏಳದಿರುವುದು. ಮಾತು ತೊದಲುವುದು. ಕೈಕಾಲು ನಡುಗುವುದು ಅಥವಾ ಸೆಟೆಯುವುದು. ಬೆವರು, ಜ್ವರ, ಎದೆ ಡವಡವ, ಭೇದಿ, ಗಾಬರಿ ಒಟ್ಟಿಗೆ ಬರುವುದು. ಇಂಥದ್ದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಗುಳಿಗೆ, ಪುಡಿ, ಪೊಟ್ಟಣ ಎಲ್ಲವನ್ನೂ ಒಯ್ಯಿರಿ.

‘ಸಾಯಬೇಕು’ ಎಂದು ಯಾರಾದರೂ ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಗುಳಿಗೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಔಷಧಿ ಇಲ್ಲದ ನಿದ್ದೆ

ನಿದ್ದೆಗೆ ನೆರವಾಗುವ ಖರ್ಚಿಲ್ಲದ ದಾರಿಗಳೂ ಇವೆ. ಹೊತ್ತು ಮುಳುಗಿದ ಮೇಲೆ ಚಹಾ, ಕಾಫಿ ಬೇಡ. ಮಲಗುವ ಮುನ್ನ ತಂಬಾಕು, ಕಡ್ಡಿಪುಡಿ ಬೇಡ. ಇವು ನಿದ್ದೆ ಓಡಿಸುತ್ತವೆ. ರಾತ್ರಿ ನಿದ್ದೆ ಬರದಿದ್ದರೂ ಬೆಳಿಗ್ಗೆ ದಿನದ ಹೊತ್ತಿಗೇ ಏಳಿ. ಹಗಲು ಬಹಳ ಹೊತ್ತು ಮಲಗಬೇಡಿ. ಮನಸ್ಸಿನ ಭಾರವನ್ನು ನಂಬಿದವರ ಹತ್ತಿರ ಇಳಿಸಿ.

ಆದರೆ ಮನೆಯಲ್ಲಿ ಗಂಡ ಕುಡಿದು ಹೊಡೆಯುತ್ತಿದ್ದರೆ, ಸಾಲದವರು ಬಾಗಿಲಿಗೆ ಬರುತ್ತಿದ್ದರೆ, ಹಾಲು ಕುಡಿದರೆ ನಿದ್ದೆ ಬರುತ್ತದೆಯೆ? ಇಲ್ಲ. ಅದಕ್ಕೆ ಬೇರೆಯೇ ದಾರಿ ಬೇಕು. ಸಂಘದಲ್ಲಿ ಮಾತೆತ್ತಿ. ಅಂಥ ತೊಂದರೆ ಒಬ್ಬಳದಲ್ಲ, ಎಲ್ಲರದು.

ಚಿಕಿತ್ಸೆ ನಮ್ಮ ಹಕ್ಕು

1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಹೊಸ ಕೆಲಸ ಮಾಡಿದರು. ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಕಾರ್ಯಕರ್ತೆಯರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಊರ ಹತ್ತಿರವೇ ಔಷಧಿ ಸಿಗುವಂತೆ ಮಾಡಿದರು. ಇದೇ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ನೆಲದ ಕೆಲಸ ಇಡೀ ದೇಶಕ್ಕೆ ದಾರಿ ತೋರಿಸಿತು. 2017ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನಸ್ಸಿನ ಕಾಯಿಲೆಗೆ ಸರ್ಕಾರಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಅದು ಹೇಳುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ? ಆಶಾ ಅಕ್ಕನನ್ನು ಕೇಳಿ.

ನೀಲವ್ವ ಏನಾದಳು?

ಡಾಕ್ಟರು ಪುಡಿಯನ್ನು ನಿಲ್ಲಿಸಿದರು. ಗುಳಿಗೆಯನ್ನು ಮತ್ತೆ ಶುರು ಮಾಡಿದರು, ಬೆಳಿಗ್ಗೆ ತಿಂಡಿ ಆದ ಮೇಲೆ. ಒಂದು ತಿಂಗಳ ಹೊತ್ತಿಗೆ ನಿದ್ದೆ ಹತ್ತಿತು. ಎರಡು ತಿಂಗಳ ಹೊತ್ತಿಗೆ ಊಟ ರುಚಿಸಿತು. ತಾಯಿಯ ನೆನಪು ಹೋಗಲಿಲ್ಲ. ಆದರೆ ನೆನಪಾದಾಗ ಬಾವಿಯ ಕಡೆ ನೋಡುವುದು ನಿಂತಿತು.

ಈಗ ನೀಲವ್ವನ ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಅವಳೇ ಬರೆದದ್ದು. ಅಕ್ಷರ ಸ್ವಲ್ಪ ಸೊಟ್ಟ. ಅದರಲ್ಲಿ ಅವಳು ತೆಗೆದುಕೊಳ್ಳುವ ಪ್ರತಿ ಔಷಧಿಯ ಹೆಸರಿದೆ. ಆಸ್ಪತ್ರೆಗೆ ಹೋಗುವಾಗ ಹಾಳೆಯನ್ನು ಕಿತ್ತು ಒಯ್ಯುತ್ತಾಳೆ. ಪಕ್ಕದ ಮನೆಯಾಕೆ ಹೊಸ ಪುಡಿ ತಂದರೆ ನೀಲವ್ವ ಕೇಳುತ್ತಾಳೆ: ‘ಇದರ ಮ್ಯಾಲೆ ಏನು ಬರದಾರ? ಕೊಡಿಲ್ಲೆ, ಓದತೀನಿ.’

ಉತ್ತರ ಹೇಳೋಣ

1. ನೀಲವ್ವನಿಗೆ ಮೊದಲ ವಾರ ನಿದ್ದೆ ಏಕೆ ಬರಲಿಲ್ಲ?
2. ಮನೆಯವರು ಗುಳಿಗೆಯನ್ನು ಬಿಡಿಸಿದ್ದು ಸರಿಯೆ? ಏಕೆ?
3. 0-0-1 ಎಂದರೆ ಏನು?
4. ಖಿನ್ನತೆ ಇದ್ದವರು ಯಾವ ಬೇರನ್ನು ಮುಟ್ಟಬಾರದು?
5. ನಿಮ್ಮ ಊರಿನಲ್ಲಿ ನಿದ್ದೆಗೆ ಏನೇನು ಕೊಡುತ್ತಾರೆ? ಕೇಂದ್ರದಲ್ಲಿ ಮಾತಾಡಿ.

ಬರೆಯೋಣ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಔಷಧಿಗಳ ಪಟ್ಟಿ ಬರೆಯಿರಿ. ಗುಳಿಗೆ, ಪುಡಿ, ಕಷಾಯ ಯಾವುದನ್ನೂ ಬಿಡಬೇಡಿ.

ಔಷಧಿಯ ಹೆಸರು: ............
ಯಾರು ಕೊಟ್ಟರು: ............
ಯಾವ ಕಾಯಿಲೆಗೆ: ............
ಯಾವ ಹೊತ್ತಿಗೆ: ............
ಎಂದಿನಿಂದ: ............

ಈ ಹಾಳೆಯನ್ನು ಆಸ್ಪತ್ರೆಗೆ ಹೋಗುವಾಗ ಮರೆಯದೆ ಒಯ್ಯಿರಿ. ಡಾಕ್ಟರ ಕೈಗೆ ಕೊಡಿ.